ಬೋರ್ಡಿಲ್ಲದ ಗ್ಯಾರೇಜು, ಜಾರುವ ಕ್ಲಚ್ಚು: ವಿರಾಜಪೇಟೆ ಕಡೆ ಹಳೇ ಬುಲೆಟ್ ಇಟ್ಟುಕೊಂಡವರಿಗೆ

ಐದರಲ್ಲಿ ನಾಲ್ಕು ಸ್ಟಾರ್. ಒಂದು ಯಾಕೆ ಕಳೆದೆ ಅಂತ ಆಮೇಲೆ ಹೇಳುತ್ತೇನೆ, ಅದಕ್ಕೂ ಕೆಲಸಕ್ಕೂ ಸಂಬಂಧ ಇಲ್ಲ.

ಗ್ಯಾರೇಜಿಗೆ ಹೆಸರಿಲ್ಲ. ಬೋರ್ಡೂ ಇಲ್ಲ. ವಿರಾಜಪೇಟೆಯಿಂದ ಗೋಣಿಕೊಪ್ಪಕ್ಕೆ ಹೋಗುವ ರಸ್ತೆಯಲ್ಲಿ ಒಂದು ತಗಡಿನ ಶೆಡ್ಡು, ಪಕ್ಕದಲ್ಲಿ ಕಾಫಿ ಒಣಗಿಸುವ ಕಣ, ಮುಂದೆ ಎರಡು ಮೂರು ಬುಲೆಟ್‌ಗಳ ಅಸ್ಥಿಪಂಜರ, ಗೋಡೆಗೆ ಒರಗಿಸಿದ ಒಂದು ಜೀಪಿನ ಬಾನೆಟ್ಟು. ಇಷ್ಟೇ ಗುರುತು. ಮೇಸ್ತ್ರಿಯ ಹೆಸರು ಬರೆಯಬೇಡ ಅಂತ ಅವರೇ ಹೇಳಿದ್ದಾರೆ. "ಹೆಸರು ಹಾಕಿದ್ರೆ ಶನಿವಾರ ಭಾನುವಾರ ಬೆಂಗಳೂರಿನೋರು ಬಂದು ನಿಲ್ತಾರೆ" ಅಂತ ಅವರ ಭಯ. ಹಾಗಾಗಿ ಬೇಕಾದವರು ಕೇಳಿಕೊಂಡು ಹೋಗಿ. ಆ ಕಡೆ ಹಳೇ ಬುಲೆಟ್ ಇರುವ ಯಾರನ್ನು ಕೇಳಿದರೂ ಕೈ ತೋರಿಸುತ್ತಾರೆ.

ನಮ್ಮ ಮನೆಯದು 1984ರ ಬುಲೆಟ್ 350. ಬಲಗಾಲಿಗೆ ಗೇರು, ಎಡಗಾಲಿಗೆ ಬ್ರೇಕು. ಒಂದು ಮೇಲೆ, ಮೂರು ಕೆಳಗೆ. ನ್ಯೂಟ್ರಲ್ ಹುಡುಕಲು ಬಲಗಡೆ ಬೇರೆಯೇ ಒಂದು ಸಣ್ಣ ಪೆಡಲು. ಮಿಲಿಟರಿಯಿಂದ ರಿಟೈರ್ ಆಗಿ ಬಂದ ದೊಡ್ಡಪ್ಪ ತಗೊಂಡಿದ್ದು. ಕೊಡಗಿನಲ್ಲಿ ಇದೇನು ದೊಡ್ಡ ವಿಷಯ ಅಲ್ಲ ಬಿಡಿ. ಮದ್ರಾಸಿನಲ್ಲಿ 1955ರಲ್ಲಿ ಬುಲೆಟ್ ಜೋಡಿಸುವ ಕಂಪನಿ ಶುರುವಾಗಿದ್ದೇ ಸೈನ್ಯದ ಆರ್ಡರ್ ಸಿಕ್ಕಿದ್ದರಿಂದ. ಸೈನ್ಯದಿಂದ ಬಂದವರ ಮನೆ ಅಂಗಳದಲ್ಲಿ ಬುಲೆಟ್ ನಿಲ್ಲದೆ ಇನ್ನೇನು ನಿಲ್ಲುತ್ತದೆ?

ತೊಂದರೆ ಶುರುವಾಗಿದ್ದು ಹೋದ ಮಳೆಗಾಲ ಮುಗಿಯುವ ಹೊತ್ತಿಗೆ. ಜೂನ್‌ನಲ್ಲಿ ಒಳಗೆ ನಿಲ್ಲಿಸಿದ ಗಾಡಿ. ನಮ್ಮ ಕಡೆಯ ಮಳೆ ಗೊತ್ತಲ್ವಾ, ಬೀರುವಿನೊಳಗೆ ಇಟ್ಟ ಬೆಲ್ಟಿಗೂ ಬೂಷ್ಟು ಹಿಡಿಯುತ್ತದೆ. ಸೆಪ್ಟೆಂಬರ್ 3ಕ್ಕೆ ಕೈಲ್ ಮುಹೂರ್ತ, ಕೊಡಗಿನ ಆಯುಧ ಪೂಜೆಯ ಹಬ್ಬ. ಕೋವಿಗೆ ತೋಕ್ ಪೂ (ಕೋವಿ ಹೂ) ಇಡುವಾಗ ಗಾಡಿಗೂ ಒಂದು ಇಡೋಣ ಅಂತ ಹೊರಗೆ ತೆಗೆದೆ. ಮೂರನೇ ಕಿಕ್ಕಿಗೆ ಸ್ಟಾರ್ಟ್ ಆಯಿತು. ಖುಷಿಯಲ್ಲಿ ಕ್ಲಚ್ ಒತ್ತಿ ಒಂದನೇ ಗೇರ್ ಹಾಕಿದೆ. ಧಡ್ ಅಂತ ಮುಂದಕ್ಕೆ ಹಾರಿ, ಅಮ್ಮನ ದಾಸವಾಳದ ಗಿಡಕ್ಕೆ ಗುದ್ದಿ ಆಫ್ ಆಯಿತು. ನಾನು ಕ್ಲಚ್ ಪೂರ್ತಿ ಒತ್ತಿಕೊಂಡೇ ಇದ್ದೆ. ಕೈ ಒತ್ತಿದೆ, ಕ್ಲಚ್ ಬಿಟ್ಟಿಲ್ಲ.

ಈ ಸಮಯದಲ್ಲಿ ನಾನು ಮಾಡಿದ ತಪ್ಪು ಏನು ಅಂದರೆ, ಯಾರನ್ನೂ ಕೇಳದೆ ಗಾಡಿಯನ್ನು ಪಿಕಪ್‌ಗೆ ಹಾಕಿ ಬೇರೆ ಊರಿನ ಒಂದು ದೊಡ್ಡ ವರ್ಕ್‌ಶಾಪಿಗೆ ಕಳಿಸಿದ್ದು. ಯಾವ ಊರು, ಯಾವ ವರ್ಕ್‌ಶಾಪು ಅಂತ ಕೇಳಬೇಡಿ. ಟೈಲ್ಸ್ ಹಾಕಿದ ನೆಲ, ಕಾಫಿ ಮೆಷಿನ್, ಗೋಡೆ ತುಂಬ ಪೋಸ್ಟರ್. ಅವರು ಕ್ಲಚ್ ಪ್ಲೇಟ್ ಸೆಟ್ ಬದಲಾಯಿಸಿದರು, ಸ್ಪ್ರಿಂಗ್ ಬದಲಾಯಿಸಿದರು, 6,800 ರೂಪಾಯಿ ಬಿಲ್ ಕೊಟ್ಟರು. ಹಳೇ ಪಾರ್ಟ್ ಕೇಳಿದರೆ "ಬಿಸಾಕಿದ್ವಿ ಸಾರ್" ಅಂದರು. ಗಾಡಿ ಬಂದ ದಿನ ಚೆನ್ನಾಗಿತ್ತು. ಕ್ಲಚ್ ಲಿವರ್ ಮಾತ್ರ ಕಲ್ಲಿನಂತೆ ಗಟ್ಟಿ. ಹೊಸದಲ್ವಾ, ಹಾಗೇ ಇರುತ್ತದೆ ಅಂದುಕೊಂಡೆ.

ಒಂದು ತಿಂಗಳಾದ ಮೇಲೆ ಮಂಗಳೂರಿಗೆ ಹೋಗಿ ಬರುವಾಗ ಗೊತ್ತಾಯಿತು. ಸಂಪಾಜೆ ದಾಟಿ ಏರು ಶುರುವಾದ ಮೇಲೆ ಇಂಜಿನ್ ಕೂಗುತ್ತದೆ, ಗಾಡಿ ಹೋಗುವುದಿಲ್ಲ. ಆಕ್ಸಿಲೇಟರ್ ಕೊಟ್ಟಷ್ಟೂ ಸದ್ದು ಮಾತ್ರ ಜಾಸ್ತಿ. ಜೋಡುಪಾಲ ಬರುವಷ್ಟರಲ್ಲಿ ಸುಟ್ಟ ವಾಸನೆ. ಹಿಂದೆ ಒಬ್ಬ ಟ್ಯಾಂಕರ್‌ನವನು ಹಾರನ್ ಹೊಡೆದೇ ಹೊಡೆದ. ಮದೆನಾಡಿನಲ್ಲಿ ಒಂದು ಗಂಟೆ ನಿಲ್ಲಿಸಿ ತಣ್ಣಗೆ ಮಾಡಿಕೊಂಡು, ಒಂದನೇ ಗೇರಿನಲ್ಲಿ ಆಮೆಯಂತೆ ಮಡಿಕೇರಿ ಸೇರಿದೆ. ಇನ್ನೊಂದು ವಿಚಿತ್ರ ಏನೆಂದರೆ, ಅಲ್ಲಿ ಬಸ್ ಸ್ಟ್ಯಾಂಡ್ ಹತ್ತಿರ ಟ್ರಾಫಿಕ್ಕಿನಲ್ಲಿ ನಿಂತಾಗ ನ್ಯೂಟ್ರಲ್ ಬೀಳಲೇ ಇಲ್ಲ. ಅಂದರೆ ಹಿಡಿಯಬೇಕಾದಾಗ ಜಾರುತ್ತದೆ, ಬಿಡಬೇಕಾದಾಗ ಬಿಡುವುದಿಲ್ಲ. ಎರಡೂ ರೋಗ ಒಟ್ಟಿಗೆ.

ಆಗ ಮೂರ್ನಾಡಿನ ಸ್ನೇಹಿತ ಒಬ್ಬ ಈ ಶೆಡ್ಡಿನ ವಿಷಯ ಹೇಳಿದ.

ಹೋದಾಗ ಮೇಸ್ತ್ರಿ ಸ್ಟೂಲಿನ ಮೇಲೆ ಕೂತು ಅಕ್ಕಿ ರೊಟ್ಟಿ ತಿನ್ನುತ್ತಿದ್ದರು. ವಯಸ್ಸು ಅರವತ್ತರ ಮೇಲೆ. ಗಾಡಿಯನ್ನು ಮುಟ್ಟಲಿಲ್ಲ, ಎದ್ದು ಬಂದು ನೋಡಲೂ ಇಲ್ಲ. ಕೂತಲ್ಲಿಂದಲೇ ಪ್ರಶ್ನೆ ಶುರು. ತಣ್ಣಗಿರುವಾಗ ಜಾರುತ್ತದಾ, ಬಿಸಿಯಾದ ಮೇಲಾ? ಯಾವ ಗೇರಿನಲ್ಲಿ? ಲಿವರ್‌ನಲ್ಲಿ ಆಟ, ಅಂದರೆ ವೈರ್ ಬಿಗಿಯಾಗುವ ಮುಂಚಿನ ಸಡಿಲ, ಎಷ್ಟಿದೆ? ಚೈನ್ ಕವರಿಗೆ (ಎಡಗಡೆ ಕ್ಲಚ್ ಕೂತಿರುವ ಡಬ್ಬ) ಯಾವ ಆಯಿಲ್ ಹಾಕಿದ್ದಾರೆ? ನನಗೆ ಅರ್ಧಕ್ಕೆ ಉತ್ತರ ಗೊತ್ತಿರಲಿಲ್ಲ. ಕೊನೆಗೆ ಒಂದು ಪ್ರಶ್ನೆ ಕೇಳಿದರು, ಅದನ್ನು ಕೇಳಿ ನಾನು ತಮಾಷೆ ಅಂದುಕೊಂಡೆ: "ಎಡ ತಿರುವಲ್ಲಿ ಜಾಸ್ತಿ ಜಾರುತ್ತಾ, ಬಲ ತಿರುವಲ್ಲಾ?"

ಯೋಚನೆ ಮಾಡಿದರೆ, ಹೌದು. ಬಲಕ್ಕೆ ತಿರುಗುವ ಹೇರ್‌ಪಿನ್‌ಗಳಲ್ಲೇ ಇಂಜಿನ್ ಜಾಸ್ತಿ ಕೂಗುತ್ತಿತ್ತು. ತಿರುವಿನಲ್ಲಿ ಏರು ಜಾಸ್ತಿ ಇರುತ್ತದೆ, ಅದಕ್ಕೆ ಅಂದುಕೊಂಡಿದ್ದೆ.

ರೊಟ್ಟಿ ಮುಗಿಸಿ, ಕೈ ತೊಳೆದು ಬಂದರು. ಹ್ಯಾಂಡಲ್ ಹಿಡಿದು ಪೂರ್ತಿ ಎಡಕ್ಕೆ ತಿರುಗಿಸಿದರು. ಲಿವರ್‌ನ ತುದಿಯನ್ನು ಬೆರಳಲ್ಲಿ ಅಲ್ಲಾಡಿಸಿದರು, ಕೂದಲೆಳೆಯಷ್ಟು ಆಟ. ಪೂರ್ತಿ ಬಲಕ್ಕೆ ತಿರುಗಿಸಿದರು, ಆಟ ಸೊನ್ನೆ. ಅಷ್ಟೇ ಅಲ್ಲ, ವೈರಿನ ಹೊರಗಿನ ಕವಚ ಕೂತ ಜಾಗದಿಂದ ಮೇಲೆದ್ದು ಬಂತು. ಅಂದರೆ ನಾನು ಕೈ ಹಾಕದೆ ಇದ್ದರೂ ಬಲಕ್ಕೆ ತಿರುಗಿಸಿದಾಗಲೆಲ್ಲ ಗಾಡಿಯೇ ತನ್ನ ಕ್ಲಚ್ಚನ್ನು ತಾನೇ ಸ್ವಲ್ಪ ಒತ್ತಿಕೊಳ್ಳುತ್ತಿದೆ. ಬುಲೆಟ್‌ನಲ್ಲಿ ಕ್ಲಚ್ ವೈರ್ ಎಡ ಹ್ಯಾಂಡಲಿನಿಂದ ಹೊರಟು ಟ್ಯಾಂಕಿನ ಕೆಳಗೆ ಹಾದು ಬಲಗಡೆ ಗೇರ್ ಬಾಕ್ಸಿಗೆ ಬರುತ್ತದೆ. ಬಲಕ್ಕೆ ತಿರುಗಿಸಿದರೆ ಎಡಗೈ ಹಿಡಿ ಮುಂದೆ ಹೋಗುತ್ತದೆ, ವೈರ್ ಉದ್ದ ಸಾಲದಿದ್ದರೆ ಎಳೆಯುತ್ತದೆ.

"ಹ್ಯಾಂಡಲ್ ಬದಲಾಯಿಸಿದ್ದೀಯಾ?"

ಬದಲಾಯಿಸಿದ್ದೆ. ಬೆನ್ನು ನೋವು ಅಂತ ಎರಡು ವರ್ಷದ ಹಿಂದೆ ಎತ್ತರದ ಹ್ಯಾಂಡಲ್ ಹಾಕಿಸಿದ್ದೆ, ವೈರ್ ಮಾತ್ರ ಹಳೆಯ ಅಳತೆಯದ್ದೇ. ಇದು ವರ್ಕ್‌ಶಾಪಿನವರ ತಪ್ಪಲ್ಲ, ನನ್ನದೇ. ಆದರೆ 6,800 ತಗೊಂಡವರು ಒಮ್ಮೆ ಹ್ಯಾಂಡಲ್ ತಿರುಗಿಸಿ ನೋಡಬಹುದಿತ್ತು ಅಲ್ವಾ?

ಇಲ್ಲಿ ಸ್ವಲ್ಪ ನಿಂತು ಒಂದು ವಿಷಯ ಹೇಳಿಬಿಡುತ್ತೇನೆ, ಯಾಕೆಂದರೆ ಇದು ಗೊತ್ತಿಲ್ಲದೆ ನಾನು ಇಷ್ಟು ದುಡ್ಡು ಕಳೆದುಕೊಂಡೆ. ಕ್ಲಚ್ಚಿಗೆ ಬರುವ ರೋಗ ಮುಖ್ಯವಾಗಿ ಎರಡೇ. ಒಂದು ಜಾರುವುದು: ಲಿವರ್ ಬಿಟ್ಟಿದ್ದೀರಿ, ಆದರೂ ಇಂಜಿನ್ನಿನ ಬಲವನ್ನು ಗೇರ್ ಬಾಕ್ಸಿಗೆ ದಾಟಿಸುವ ಕ್ಲಚ್ ಪ್ಲೇಟುಗಳು ಗಟ್ಟಿಯಾಗಿ ಒಂದನ್ನೊಂದು ಹಿಡಿಯುತ್ತಿಲ್ಲ. ಇನ್ನೊಂದು ಎಳೆಯುವುದು: ಲಿವರ್ ಒತ್ತಿದ್ದೀರಿ, ಆದರೂ ಪ್ಲೇಟುಗಳು ಪೂರ್ತಿ ಬೇರೆಯಾಗುತ್ತಿಲ್ಲ. ಗೇರ್ ಧಡ್ ಅನ್ನುತ್ತದೆ, ನ್ಯೂಟ್ರಲ್ ಬೀಳುವುದಿಲ್ಲ. ಒಂದಕ್ಕೆ ಮದ್ದು ಮಾಡಲು ಹೋದರೆ ಇನ್ನೊಂದು ಹೆಚ್ಚಾಗುತ್ತದೆ. ಎಳೆಯುತ್ತಿದೆ ಅಂತ ವೈರ್ ಬಿಗಿ ಮಾಡಿದರೆ ಆಟ ಹೋಗಿ ಜಾರಲು ಶುರು. ಜಾರುತ್ತಿದೆ ಅಂತ ಸ್ಪ್ರಿಂಗ್ ಬಿಗಿ ಮಾಡಿದರೆ ಲಿವರ್ ಗಟ್ಟಿಯಾಗಿ ಮತ್ತೆ ಎಳೆಯುತ್ತದೆ. ನನ್ನ ಗಾಡಿಗೆ ಆ ವರ್ಕ್‌ಶಾಪಿನಲ್ಲಿ ಇವೆರಡನ್ನೂ ಮಾಡಿದ್ದರು. ಮೂಲ ರೋಗ ಏನಿತ್ತು? ಮಳೆಗಾಲದಲ್ಲಿ ಮೂರು ತಿಂಗಳು ನಿಂತು ಪ್ಲೇಟುಗಳು ಒಂದಕ್ಕೊಂದು ಅಂಟಿಕೊಂಡಿದ್ದವು, ಅಷ್ಟೇ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಳೆದರಂತೆ.

ಅಂಟಿಕೊಂಡರೆ ಏನು ಮಾಡಬೇಕು ಅಂತ ಕೇಳಿದೆ. ಮೇಸ್ತ್ರಿ ನನ್ನನ್ನು ಒಂಥರಾ ನೋಡಿದರು. ಕೀ ಆಫ್ ಇಟ್ಟು, ಕ್ಲಚ್ ಪೂರ್ತಿ ಒತ್ತಿ ಹಿಡಿದು, ಕಿಕ್ಕರ್ ತುಳಿಯಬೇಕು. ಮೊದಲು ಇಂಜಿನ್ ಸಮೇತ ತಿರುಗುವುದರಿಂದ ಭಾರ ಇರುತ್ತದೆ. ಪ್ಲೇಟ್ ಬಿಟ್ಟುಕೊಂಡ ಕೂಡಲೇ ಕಿಕ್ಕರ್ ಸಲೀಸಾಗಿ ಕೆಳಗೆ ಹೋಗುತ್ತದೆ, ಕಾಲಿಗೇ ಗೊತ್ತಾಗುತ್ತದೆ. ಖರ್ಚು ಏನೂ ಇಲ್ಲ. ದೊಡ್ಡಪ್ಪ ದಿನಾ ಬೆಳಿಗ್ಗೆ ಸ್ಟಾರ್ಟ್ ಮಾಡುವ ಮುಂಚೆ ಕ್ಲಚ್ ಒತ್ತಿ ಸುಮ್ನೆ ಎರಡು ಸಲ ತುಳಿಯುತ್ತಿದ್ದರು. ಅದು ಮಿಲಿಟರಿ ಶಿಸ್ತು ಅಂದುಕೊಂಡಿದ್ದೆ ಇಷ್ಟು ವರ್ಷ.

ಸರಿ, ಒಳಗಿನದು. ಎಡಗಡೆ ಚೈನ್ ಕವರ್ ಬಿಚ್ಚಲು ಮೊದಲು ಫುಟ್‌ರೆಸ್ಟ್ ಮತ್ತು ಬ್ರೇಕ್ ಪೆಡಲ್ ದಾರಿ ಬಿಡಬೇಕು, ಆಮೇಲೆ ನಡುವಿನ ಒಂದೇ ಒಂದು ನಟ್. ಅಷ್ಟು ದೊಡ್ಡ ಕವರನ್ನು ಹಿಡಿದಿರುವುದು ಆ ಒಂದು ನಟ್ಟು ಮತ್ತು ಸುತ್ತಲಿನ ರಬ್ಬರ್. ಮೇಸ್ತ್ರಿಯ ಹತ್ತಿರ ಹಳೇ ಇಂಗ್ಲಿಷ್ ಅಳತೆಯ ಸ್ಪ್ಯಾನರ್ ಸೆಟ್ ಇದೆ, ಎಣ್ಣೆ ಬಟ್ಟೆಯಲ್ಲಿ ಸುತ್ತಿ ಇಟ್ಟಿದ್ದಾರೆ. ಈ ಗಾಡಿಗಳ ಎಷ್ಟೋ ನಟ್‌ಗಳಿಗೆ ಈಗಿನ ಎಂಎಂ ಸ್ಪ್ಯಾನರ್ ಸರಿಯಾಗಿ ಕೂರುವುದಿಲ್ಲ. ಬಲ ಹಾಕಿದರೆ ಮೂಲೆ ಉರುಟಾಗುತ್ತದೆ. ನನ್ನ ಗಾಡಿಯ ಒಂದೆರಡು ನಟ್ ಆಗಲೇ ಉರುಟಾಗಿದ್ದವು. ಅವುಗಳನ್ನು ನೋಡಿ ಮೇಸ್ತ್ರಿ "ಚ್ಚ್" ಅಂದರು.

ಕೆಳಗೆ ಟ್ರೇ ಇಟ್ಟು ಕವರ್ ಸಡಿಲಿಸಿದರೆ ಆಯಿಲ್ ಸುರಿಯಿತೇ ಸುರಿಯಿತು. ಅಲ್ಲಿ ಹಿಡಿಯುವುದು ಅರ್ಧ ಲೀಟರಿಗಿಂತ ಕಡಿಮೆ. ಇದರಲ್ಲಿ ಅದಕ್ಕಿಂತ ಎಷ್ಟೋ ಜಾಸ್ತಿ ಇತ್ತು. ಮೂಸಿ ನೋಡಿ, ಬೆರಳಲ್ಲಿ ಉಜ್ಜಿ, "ಕಾರಿನ ಆಯಿಲ್ ಇರಬೇಕು" ಅಂದರು. ಬರೀ ಮೂಸಿ ಅದು ಹೇಗೆ ಗೊತ್ತಾಯಿತೋ, ಅದನ್ನು ನಾನು ಪೂರ್ತಿ ನಂಬುವುದಿಲ್ಲ. ಆದರೆ ವಿಷಯ ನಿಜ. ಕಾರಿನ ಕೆಲವು ಆಯಿಲ್‌ಗಳಲ್ಲಿ ಉಜ್ಜಾಟ ಕಡಿಮೆ ಮಾಡುವ ಮದ್ದು ಬೆರೆಸಿರುತ್ತಾರೆ. ಕಾರಿನಲ್ಲಿ ಕ್ಲಚ್ ಆಯಿಲ್‌ನಲ್ಲಿ ಮುಳುಗಿರುವುದಿಲ್ಲ, ಅದಕ್ಕೆ ತೊಂದರೆ ಇಲ್ಲ. ಬೈಕಿನ ಕ್ಲಚ್ ಅದರಲ್ಲೇ ಸ್ನಾನ ಮಾಡುತ್ತಿರುತ್ತದೆ, ಹಿಡಿತ ಹೋಗುತ್ತದೆ. ಡಬ್ಬದ ಹಿಂದೆ ಜಾಸೋ ಎಂಎ (JASO MA, ಇಂಥ ಬೈಕ್ ಕ್ಲಚ್ಚಿಗೆ ಆಗುವ ಆಯಿಲ್‌ನ ಗುರುತು) ಅಂತ ಇದ್ದರೆ ಹಾಕಬಹುದು.

ಪ್ಲೇಟ್ ಬಿಚ್ಚುವ ಮುಂಚೆ ಒಂದು ಪರೀಕ್ಷೆ ಮಾಡಿದರು, ಇದು ಮನೆಯಲ್ಲೂ ಮಾಡಬಹುದು. ನನ್ನ ಕೈಲಿ ಲಿವರ್ ಒತ್ತಿಸಿ, ತಾವು ಕಿಕ್ಕರನ್ನು ಕೈಯಲ್ಲಿ ನಿಧಾನಕ್ಕೆ ಒತ್ತಿದರು. ಉಳಿದ ಪ್ಲೇಟುಗಳನ್ನು ಒತ್ತಿ ಹಿಡಿಯುವ ಹೊರಗಿನ ಪ್ರೆಶರ್ ಪ್ಲೇಟ್ ತಿರುಗುವಾಗ ರಾಗಿ ಬೀಸುವ ಕಲ್ಲು ಓಲಾಡಿದ ಹಾಗೆ ಓಲಾಡುತ್ತಿತ್ತು. ಒಂದು ಕಡೆ ಏಳುತ್ತದೆ, ಇನ್ನೊಂದು ಕಡೆ ಏಳುವುದಿಲ್ಲ. ಏಳದ ಕಡೆ ಪ್ಲೇಟು ಬಿಡುವುದಿಲ್ಲ. ನ್ಯೂಟ್ರಲ್ ಬೀಳದ ಕಾರಣ ಅಲ್ಲೇ ಕಾಣುತ್ತಿತ್ತು. ಸ್ಪ್ರಿಂಗ್ ಬಿಚ್ಚಿದರೆ ಕೆಳಗೆ ವಾಷರ್‌ಗಳು. ಜಾರುವುದು ನಿಲ್ಲಲಿ ಅಂತ ಯಾರೋ ತುರುಕಿದ್ದರು, ಅದೂ ಒಂದೊಂದು ಕಡೆ ಒಂದೊಂದು ದಪ್ಪ. ಬುಲೆಟ್‌ನಲ್ಲಿ ಆ ಸ್ಪ್ರಿಂಗ್ ಸ್ಕ್ರೂಗಳು ಅಡ್ಜಸ್ಟ್ ಮಾಡುವುದಕ್ಕಲ್ಲ, ಎಲ್ಲವನ್ನೂ ಪೂರ್ತಿ ಕೂರುವವರೆಗೆ ಬಿಗಿಯಬೇಕು. ಓಲಾಡಿದರೆ ಸ್ಪ್ರಿಂಗ್‌ನಲ್ಲಿ ತಪ್ಪಿದೆ ಅಂತ ಅರ್ಥ. ಸ್ಪ್ರಿಂಗ್‌ಗಳನ್ನು ಒಂದರ ಪಕ್ಕ ಒಂದು ನಿಲ್ಲಿಸಿದರು. ಒಂದು ಗಿಡ್ಡ, ಬರಿಗಣ್ಣಿಗೆ ಕಾಣುವಷ್ಟು. ಹೊಸ ಸ್ಪ್ರಿಂಗ್, ನೆನಪಿರಲಿ.

ಆಮೇಲೆ ನೋಡಿದ್ದು ನನಗೆ ಈಗಲೂ ಕಣ್ಣಿಗೆ ಕಟ್ಟಿದ ಹಾಗಿದೆ. ಶೆಡ್ಡಿನ ಮೂಲೆಯಲ್ಲಿ ಹಳೇ ಗೋದ್ರೇಜ್ ಬೀರುವಿನ ಕನ್ನಡಿ ಇದೆ, ಬೆಂಚಿನ ಮೇಲೆ ಅಡ್ಡ ಮಲಗಿಸಿದ್ದಾರೆ. ನಾನು ಅದರಲ್ಲಿ ಅವರು ಮೀಸೆ ತಿದ್ದಿಕೊಳ್ಳುತ್ತಾರೆ ಅಂದುಕೊಂಡಿದ್ದೆ. ಕ್ಲಚ್ಚಿನ ಉಕ್ಕಿನ ಪ್ಲೇಟುಗಳನ್ನು ಪೆಟ್ರೋಲಿನಲ್ಲಿ ತೊಳೆದು, ಒರೆಸಿ, ಒಂದೊಂದಾಗಿ ಕನ್ನಡಿ ಮೇಲೆ ಇಟ್ಟರು. ಬಗ್ಗಿ ಕಣ್ಣನ್ನು ಕನ್ನಡಿಯ ಮಟ್ಟಕ್ಕೆ ತಂದು ನೋಡಿದರು. ನನ್ನನ್ನೂ ಬಗ್ಗಿಸಿದರು. ಪ್ಲೇಟ್ ಸಮ ಇದ್ದರೆ ಅದೂ ಅದರ ಪ್ರತಿಬಿಂಬವೂ ಅಂಟಿಕೊಂಡ ಹಾಗೆ ಕಾಣುತ್ತದೆ. ಸೊಟ್ಟ ಇದ್ದರೆ ನಡುವೆ ಬೆಳಕಿನ ಸಣ್ಣ ಗೆರೆ. ಒಂದರಲ್ಲಿ ಮಾತ್ರ ಗೆರೆ ಇತ್ತು, ಅರ್ಧ ಸುತ್ತಿನಷ್ಟು. ಅದಕ್ಕೆ ತಮ್ಮ ಡಬ್ಬದಿಂದ ಇನ್ನೊಂದು ಹುಡುಕಿ ಕೊಟ್ಟರು, ಅದಕ್ಕೆ ದುಡ್ಡು ತಗೊಳ್ಳಲಿಲ್ಲ. ಉಳಿದವನ್ನು ಅದೇ ಕನ್ನಡಿ ಮೇಲೆ ಎಮರಿ ಪೇಪರ್ ಹಾಸಿ, ಎಂಟರ ಆಕಾರದಲ್ಲಿ ನಿಧಾನಕ್ಕೆ ಉಜ್ಜಿದರು. ಕನ್ನಡಿಯಂತೆ ಹೊಳೆಯುತ್ತಿದ್ದ ಪ್ಲೇಟು ಮಂಕಾಗುವವರೆಗೆ. ಹಿಡಿಯುವ ಪ್ಲೇಟುಗಳ ಮೇಲ್ಮೈ ಕೂಡ ಸುಟ್ಟು ನುಣುಪಾಗಿತ್ತು, ಆದರೆ ದಪ್ಪ ಹಾಗೇ ಇತ್ತು. ಅವನ್ನೂ ಲಘುವಾಗಿ ಉಜ್ಜಿ ಉಳಿಸಿದರು. "ಒಂದು ತಿಂಗಳಿನ ಪ್ಲೇಟ್ ಬಿಸಾಕೋದು ಯಾಕೆ?" ಇಲ್ಲಿ ನನಗೆ ಈ ಮನುಷ್ಯನ ಮೇಲೆ ಗೌರವ ಬಂತು. ಹೊಸ ಸೆಟ್ ಹಾಕಿ ದುಡ್ಡು ಮಾಡಬಹುದಿತ್ತು, ನಾನು ಬೇಡ ಅನ್ನುತ್ತಲೂ ಇರಲಿಲ್ಲ.

ಪ್ಲೇಟುಗಳು ಕೂರುವ ಡ್ರಮ್ಮಿನ ಸಂದುಗಳಲ್ಲಿ ಉಗುರು ಎಳೆದು ನೋಡಿದರು. ಪ್ಲೇಟಿನ ಕಿವಿಗಳು ಬಡಿದು ಬಡಿದು ಸಣ್ಣ ಗುಳಿಗಳಾಗಿದ್ದವು. ಅದರಲ್ಲಿ ಪ್ಲೇಟ್ ಸಿಕ್ಕಿಕೊಂಡರೂ ಕ್ಲಚ್ ಎಳೆಯುತ್ತದೆ. ಅರದಲ್ಲಿ ನಾಲ್ಕು ಗೀರು ಎಳೆದು ಸಮ ಮಾಡಿದರು. ಜಾಸ್ತಿ ಉಜ್ಜಿದರೆ ಸಂದು ದೊಡ್ಡದಾಗುತ್ತದಂತೆ.

ಎಲ್ಲಕ್ಕಿಂತ ದೊಡ್ಡ ಹಾನಿ ಆಗಿದ್ದು ಪುಶ್ ರಾಡಿಗೆ. ಗೇರ್ ಬಾಕ್ಸಿನ ಮೇನ್ ಶಾಫ್ಟಿನ ಒಳಗೇ ತೂತಿದೆ. ಬಲಗಡೆ ಗೇರ್ ಬಾಕ್ಸಿನಲ್ಲಿ ವೈರ್ ಎಳೆಯುವ ಸಣ್ಣ ಲಿವರ್ ಒತ್ತಿದ್ದನ್ನು ಎಡಗಡೆಯ ಕ್ಲಚ್ಚಿಗೆ ಮುಟ್ಟಿಸುವುದು ಅದರಲ್ಲಿ ಓಡಾಡುವ ಈ ಕಡ್ಡಿ. ಆಯಸ್ಕಾಂತ ಹಾಕಿ ಎಳೆದರು. ಅಡ್ಜಸ್ಟರ್ ಸ್ಕ್ರೂಗೆ ತಾಗುವ ತುದಿ ಅಣಬೆಯ ಹಾಗೆ ಅರಳಿಕೊಂಡು, ನೀಲಿ ಬಣ್ಣಕ್ಕೆ ತಿರುಗಿತ್ತು. ಆಟ ಇಲ್ಲದೆ ವೈರ್ ಬಿಗಿದಿದ್ದರೆ ಹೀಗೇ. ಗಾಡಿ ಓಡುವಷ್ಟು ಹೊತ್ತೂ ರಾಡ್ ತಿರುಗುತ್ತಾ ಸ್ಕ್ರೂಗೆ ಉಜ್ಜುತ್ತಿರುತ್ತದೆ, ಬಿಸಿಗೆ ಹದ ಹೋಗಿ ಮೆತ್ತಗಾಗುತ್ತದೆ. ಮೇಸ್ತ್ರಿ ಅದಕ್ಕೆ ಅರ ಹಾಕಿ ತೋರಿಸಿದರು. ಕರ್ ಅಂತ ಕಚ್ಚಿತು, ಪುಡಿ ಬಂತು. ಅರಳಿದ್ದನ್ನು ಗ್ರೈಂಡ್ ಮಾಡಿ ತೆಗೆದು, ಗ್ಯಾಸ್ ಬರ್ನರಿನಲ್ಲಿ ತುದಿಯನ್ನು ಮಾತ್ರ ಕಾಸಿದರು. ಕೆಂಡದ ಕೆಂಪು ಬಂದ ಕೂಡಲೇ ಎಣ್ಣೆ ಡಬ್ಬಕ್ಕೆ ಅದ್ದಿದರು. ಚೊರ್ ಅಂದು ಹೊಗೆ ಎದ್ದಿತು. ಒರೆಸಿ ಮತ್ತೆ ಅರ ಹಾಕಿದರೆ, ಗಾಜಿನ ಮೇಲೆ ಹಾಕಿದ ಹಾಗೆ ಜಾರಿತು. "ಈಗ ಸರಿ." ಕತ್ತಿ ಹದ ಮಾಡುವ ಕೆಲಸವೇ, ಅಳತೆ ಮಾತ್ರ ಸಣ್ಣದು.

ಅಡ್ಜಸ್ಟ್ ಮಾಡಿದ್ದು ನಾನೇ. ಅವರು ಸ್ಟೂಲ್ ಮೇಲೆ ಕೂತು ಹೇಳಿದರು. ಮೊದಲು ವೈರಿನ ಅಡ್ಜಸ್ಟರನ್ನು ಪೂರ್ತಿ ಒಳಗೆ ತಿರುಗಿಸಿ ವೈರ್ ಸಡಿಲ ಮಾಡಬೇಕು. ಇಲ್ಲಿಂದ ಶುರು ಮಾಡದಿದ್ದರೆ ಮುಂದಿನದೆಲ್ಲ ಸುಳ್ಳು ಲೆಕ್ಕ. ಆಮೇಲೆ ಬಲಗಡೆ ಗೇರ್ ಬಾಕ್ಸ್ ಮೇಲಿನ ಸಣ್ಣ ಮುಚ್ಚಳದ ಎರಡು ಸ್ಕ್ರೂ ತೆಗೆದರೆ ಒಳಗೆ ಅಡ್ಜಸ್ಟರ್ ಸ್ಕ್ರೂ, ಅದು ತಿರುಗದ ಹಾಗೆ ಹಿಡಿಯಲು ಒಂದು ಚೆಕ್ ನಟ್. ನಟ್ ಸಡಿಲಿಸಿ, ಸ್ಕ್ರೂ ಡ್ರೈವರಿನಲ್ಲಿ ಎರಡು ಬೆರಳ ಬಲದಲ್ಲಿ ಸ್ಕ್ರೂ ಒಳಗೆ ತಿರುಗಿಸುತ್ತಾ ಹೋಗಬೇಕು. ಒಂದು ಕಡೆ ರಾಡಿಗೆ ತಾಗಿದ್ದು ಬೆರಳಿಗೆ ಗೊತ್ತಾಗುತ್ತದೆ. ಅಲ್ಲಿ ನಿಲ್ಲಿಸಿ, ಅರ್ಧ ಸುತ್ತು ಹಿಂದಕ್ಕೆ. ಸ್ಕ್ರೂವನ್ನು ಅಲ್ಲಾಡದ ಹಾಗೆ ಹಿಡಿದು ಚೆಕ್ ನಟ್ ಬಿಗಿಯಬೇಕು. ನಾನು ಮೊದಲ ಸಲ ಬಿಗಿಯುವಾಗ ಸ್ಕ್ರೂ ಕೂಡ ತಿರುಗಿತು. ಎರಡನೇ ಸಲವೂ. ಮೂರನೇ ಸಲ ಮೇಸ್ತ್ರಿ ಏನೂ ಹೇಳದೆ ನಾಯಿಗೆ ಬಿಸ್ಕತ್ ಹಾಕುತ್ತಾ ಬೇರೆ ಕಡೆ ನೋಡಿದರು, ಆಗ ಸರಿಯಾಯಿತು.

ಕೊನೆಗೆ ವೈರು. ಲಿವರ್ ಮತ್ತು ಅದರ ಬ್ರಾಕೆಟ್ ನಡುವೆ ಎರಡರಿಂದ ಮೂರು ಮಿಲಿಮೀಟರ್ ಆಟ ಉಳಿಯುವಷ್ಟು ಬಿಗಿಯಬೇಕು. ಅಳೆಯಲು ಮೇಸ್ತ್ರಿ ಜೇಬಿನಿಂದ ಒಂದು ರೂಪಾಯಿಯ ಎರಡು ನಾಣ್ಯ ತೆಗೆದು ಜೋಡಿಸಿ ಆ ಸಂದಿನಲ್ಲಿ ತೂರಿಸಿದರು. ಒಂದು ಹೋದರೆ ಸಾಲದು, ಮೂರು ಹೋದರೆ ಜಾಸ್ತಿ. ಹ್ಯಾಂಡಲನ್ನು ಎರಡೂ ಕಡೆ ಪೂರ್ತಿ ತಿರುಗಿಸಿ ಮತ್ತೆ ನಾಣ್ಯ ಹಾಕಿ ನೋಡಿದೆವು. ಮುಂದೆ ಈ ಆಟವನ್ನು ಗಮನಿಸುತ್ತಾ ಇರು ಅಂದರು. ಆಟ ತಾನಾಗಿಯೇ ಜಾಸ್ತಿಯಾಗುತ್ತಾ ಹೋದರೆ ವೈರ್ ಹಿಗ್ಗುತ್ತಿದೆ ಅಂತ. ತಾನಾಗಿಯೇ ಕಡಿಮೆಯಾಗುತ್ತಾ ಹೋದರೆ ಪ್ಲೇಟ್ ಸವೆಯುತ್ತಿದೆ ಅಂತ. ನನಗೆ ಇದು ತಿರುಗಾ ಮುರುಗಾ ಅನ್ನಿಸಿತು, ಸವೆದರೆ ಸಡಿಲ ಆಗಬೇಕಲ್ವಾ? ಇಲ್ಲ. ಪ್ಲೇಟ್ ಸವೆದು ತೆಳ್ಳಗಾದರೆ ಪ್ರೆಶರ್ ಪ್ಲೇಟ್ ಒಳಗೆ ಸರಿಯುತ್ತದೆ, ರಾಡನ್ನು ಬಲಕ್ಕೆ ತಳ್ಳುತ್ತದೆ, ಆಟ ತಿಂದುಹಾಕುತ್ತದೆ. ಬೆಂಚಿನ ಮೇಲೆ ಬೆಂಕಿಪೊಟ್ಟಣ, ಕಡ್ಡಿ ಇಟ್ಟು ತೋರಿಸಿದ ಮೇಲೆ ತಲೆಗೆ ಹೋಯಿತು.

ವೈರಿನ ಬಗ್ಗೆ ಎರಡು ಮಾತು. ಎತ್ತರದ ಹ್ಯಾಂಡಲಿಗೆ ಉದ್ದದ ವೈರ್ ಬೇಕಿತ್ತು. ನಾನು ಜಾಣತನ ಮಾಡಿ ಮೊದಲೇ ಆನ್‌ಲೈನಿನಲ್ಲಿ ಒಂದು ತರಿಸಿಕೊಂಡು ಹೋಗಿದ್ದೆ, 140 ರೂಪಾಯಿ. ಮೇಸ್ತ್ರಿ ಅದರ ತುದಿಯ ನಿಪ್ಪಲ್ ಹಿಡಿದು ಇಕ್ಕಳದಲ್ಲಿ ಒಮ್ಮೆ ಎಳೆದರು, ಕೈಗೇ ಬಂತು. ಬೆಸುಗೆ ಹೊರಗೆ ಮಾತ್ರ ಇತ್ತು, ಒಳಗೆ ಇಳಿದೇ ಇಲ್ಲ. ಮಾಕುಟ್ಟ ಘಾಟಿಯಲ್ಲಿ, ಆನೆ ದಾಟುವ ಜಾಗದಲ್ಲಿ ಇದು ಕಿತ್ತು ಬಂದಿದ್ದರೆ? ಅವರ ಹತ್ತಿರ ಇದ್ದ ವೈರ್ 220. ಹಾಕುವ ಮುಂಚೆ ನೇತುಹಾಕಿ, ಮೇಲಿನ ತುದಿಗೆ ಪ್ಲಾಸ್ಟಿಕ್ ಕವರಿನ ಆಲಿಕೆ ಕಟ್ಟಿ ಎಣ್ಣೆ ಬಿಟ್ಟರು. ಕೆಳಗಿನಿಂದ ತೊಟ್ಟಿಕ್ಕುವಷ್ಟರಲ್ಲಿ ನಾವು ಒಂದು ಚಹಾ ಕುಡಿದು ಬಂದೆವು.

ಆಯಿಲ್ ತುಂಬಿಸುವಾಗ ಗಾಡಿ ಮೇನ್ ಸ್ಟ್ಯಾಂಡಿನಲ್ಲಿ ನೆಟ್ಟಗೆ ನಿಂತಿರಬೇಕು. ಲೆವೆಲ್ ಸ್ಕ್ರೂ ತೆಗೆದು, ಅಲ್ಲಿಂದ ಹನಿ ಬರುವವರೆಗೆ ಹಾಕಿ ನಿಲ್ಲಿಸಬೇಕು. ಜಾಸ್ತಿ ಹಾಕಿದರೆ ಒಳ್ಳೆಯದು ಅನ್ನುವ ಲೆಕ್ಕ ಇಲ್ಲಿಲ್ಲ. ಕವರಿನ ನಟ್ಟನ್ನೂ ಸೋರುತ್ತದೆ ಅಂತ ಮೈಮೇಲೆ ಬಿದ್ದು ಬಿಗಿಯಬಾರದು, ಕವರೇ ಸೊಟ್ಟ ಆಗಿ ಇನ್ನೂ ಸೋರುತ್ತದೆ. ನಮ್ಮದು ಈಗಲೂ ಒಂದೆರಡು ಹನಿ ಬಿಡುತ್ತದೆ. ಬುಲೆಟ್ ಹನಿ ಬಿಡದಿದ್ದರೆ ಒಳಗೆ ಆಯಿಲ್ ಇಲ್ಲ ಅಂತ ಅರ್ಥ, ಇದು ದೊಡ್ಡಪ್ಪನ ಮಾತು.

ಟೆಸ್ಟಿಗೆ ಪೆರುಂಬಾಡಿ ದಾಟಿ ಮಾಕುಟ್ಟದ ಇಳಿಜಾರು ಇಳಿದು, ತಿರುಗಿಸಿ ಮತ್ತೆ ಮೇಲೆ ಹತ್ತು ಅಂದರು. ಏರಿನಲ್ಲಿ ಮೂರನೇ ಗೇರಿನಲ್ಲಿ ಒಮ್ಮೆಲೇ ಆಕ್ಸಿಲೇಟರ್ ಕೊಡಬೇಕು. ಸದ್ದು ಮತ್ತು ವೇಗ ಒಟ್ಟಿಗೆ ಏರಿದರೆ ಕ್ಲಚ್ ಹಿಡಿದಿದೆ. ಸದ್ದು ಮೊದಲು ಓಡಿದರೆ ಜಾರುತ್ತಿದೆ. ಒಟ್ಟಿಗೇ ಏರಿತು. ಬಲ ತಿರುವುಗಳಲ್ಲೂ. ನಿಂತು ನ್ಯೂಟ್ರಲ್ ಪೆಡಲ್ ತುಳಿದರೆ ಟಕ್ ಅಂತ ಬಿತ್ತು. ಲಿವರ್ ಎರಡು ಬೆರಳಿಗೆ ಬರುತ್ತದೆ ಈಗ. ವಾಪಸ್ ಬಂದ ಮೇಲೆ, ಗಾಡಿ ಬಿಸಿ ಇರುವಾಗ ಮತ್ತೆ ನಾಣ್ಯ ಹಾಕಿ ನೋಡಿದರು, ಮಾರನೇ ದಿನ ತಣ್ಣಗಿರುವಾಗ ನೀನೇ ನೋಡು ಅಂದರು.

ಖರ್ಚು: ಸ್ಪ್ರಿಂಗ್ ಸೆಟ್ 180, ವೈರ್ 220, ಆಯಿಲ್ 250, ಕೂಲಿ 600. ಒಟ್ಟು 1,250. ಒಂದು ರೂಪಾಯಿ ಕಡಿಮೆ ಮಾಡಿ ಅಂತ ಕೇಳುವ ಮನಸ್ಸಾಗಲಿಲ್ಲ. ಇದಾಗಿ ಒಂದು ಬೇಸಿಗೆ ಕಳೆಯಿತು. ಸಂಪಾಜೆ ಎರಡು ಸಲ, ಭಾಗಮಂಡಲ ಒಂದು ಸಲ ಹೋಗಿ ಬಂದಿದ್ದೇನೆ. ಒಮ್ಮೆ ಮಾತ್ರ ವೈರ್ ಅಡ್ಜಸ್ಟರ್ ಒಂದು ಸುತ್ತು ತಿರುಗಿಸಿದ್ದು, ಹೊಸ ವೈರ್ ಹಿಗ್ಗಿದ್ದಕ್ಕೆ.

ಈಗ ಆ ಕಳೆದ ಸ್ಟಾರ್. ಫೋನ್ ತೆಗೆಯುವುದಿಲ್ಲ. ಬಿಲ್ ಇಲ್ಲ, ಬೆಂಕಿಪೊಟ್ಟಣದ ಹಿಂದೆ ಬರೆದು ಕೊಡುತ್ತಾರೆ. ಒಂದು ದಿನದ ಕೆಲಸಕ್ಕೆ ನಾನು ಮೂರು ಸಲ ಹೋಗಬೇಕಾಯಿತು. ಮೊದಲ ಸಲ ಶೆಡ್ ಮುಚ್ಚಿತ್ತು, ಕರಿಮೆಣಸು ಕೊಯ್ಲು ಅಂತೆ. ಎರಡನೇ ಸಲ ಎಡಗಡೆ ಪೂರ್ತಿ ಬಿಚ್ಚಿ ಹರಡಿದ ಮೇಲೆ ಯಾರದೋ ಮನೆ ಮದುವೆ ನೆನಪಾಗಿ ಹೊರಟೇಬಿಟ್ಟರು, ನಾನು ಬಸ್ಸಿನಲ್ಲಿ ಮನೆಗೆ. ಹೊಸ ಐದು ಗೇರಿನ ಗಾಡಿ ತಗೊಂಡು ಹೋದರೆ ನೋಡುವುದೇ ಇಲ್ಲ, "ಶೋರೂಮಿಗೆ ಹೋಗಿ" ಅನ್ನುತ್ತಾರೆ. ಅವಸರ ಇರುವವರು ಹೋಗಬೇಡಿ. ಪುತ್ತರಿ (ನಮ್ಮ ಸುಗ್ಗಿ ಹಬ್ಬ) ವಾರದಲ್ಲಂತೂ ಹೋಗಲೇಬೇಡಿ. ಉಳಿದ ದಿನ ಬೆಳಿಗ್ಗೆ ಹತ್ತರೊಳಗೆ ಹೋದರೆ ಸಿಗುತ್ತಾರೆ, ನಾಯಿಗೆ ಬಿಸ್ಕತ್ ಇದ್ದರೆ ಒಳ್ಳೆಯದು, ಸೀಟಿನ ಮೇಲಿಂದ ಅದು ಇಳಿಯುವವರೆಗೆ ಕೆಲಸ ಶುರುವಾಗುವುದಿಲ್ಲ.